ಕೆಮ್ಮು ಬಾರದ ಅಧ್ಯಕ್ಷರು

ನಮ್ಮೂರಲ್ಲಿ ಮಗು ಹುಟ್ಟಿದ ಮೂರನೆಯ ದಿನ ಹೊಂಡದ ಮೆಟ್ಟಿಲಿಗೆ ಹೋಗಿ ಅದರ ಹೆಸರು ಹಿಡಿದು ಕರೆಯಬೇಕು. ಒಂದು ಮರಿಮೀನು ಬಂದು ನೀರಿನ ಮೇಲೆ ಬಾಯಿ ಎತ್ತುತ್ತದೆ. ಅದು ಆ ಮಗುವಿನ ಮೀನು. ಮೀನಿಗೆ ಇವತ್ತು ಕಿವಿರು ಊದಿದರೆ ನಾಳೆ ನಮಗೆ ಗಂಟಲು ನೋವು. ಹಾಗಾಗಿ ನಮ್ಮೂರ ಆಸ್ಪತ್ರೆ ಎಂದರೆ ಹೊಂಡದ ಮೆಟ್ಟಿಲೇ. ವೈದ್ಯರು ಮೊಣಕಾಲುದ್ದ ನೀರಲ್ಲಿ ನಿಂತು ಮೀನನ್ನು ನೋಡುತ್ತಾರೆ. ರೋಗಿ ಮೆಟ್ಟಿಲ ಮೇಲೆ ಕೂತು ನನ್ನ ಅಂಗಡಿಯ ಕಾಫಿ ಕುಡಿಯುತ್ತಾನೆ. ಮೀನಿನಿಂದ ತುಂಬ ದೂರ ಹೋದರೆ ಮನುಷ್ಯನಿಗೆ ಉಸಿರು ಸಿಕ್ಕಿಕೊಳ್ಳುತ್ತದೆ. ಪರಊರಿನ ಮದುವೆಗೆ ಹೋಗುವವರು ಮೀನನ್ನು ಗಡಿಗೆಯಲ್ಲಿ ಹಾಕಿಕೊಂಡು ಹೋಗಿ, ಊಟಕ್ಕೆ ಕೂತಾಗ ಎಲೆಯ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ. ಬೀಗರು ಒಂದೆರಡು ಸಲ ನೋಡಿ ಆಮೇಲೆ ಅಭ್ಯಾಸ ಮಾಡಿಕೊಳ್ಳುತ್ತಾರೆ.

ಯಾರಿಗೆ ಯಾವ ಮೀನು ಬರುತ್ತದೆ ಎನ್ನುವುದಕ್ಕೆ ಲೆಕ್ಕಾಚಾರವಿಲ್ಲ. ಅಪ್ಪನದು ಗೆಂಡೆಯಾದರೆ ಮಗನದು ಹಾವುಮೀನಾಗಬಹುದು. ಹಿಂದೆ ಇದರ ಮೇಲೂ ಜಗಳವಿತ್ತಂತೆ. ಗೆಂಡೆಯವರು ಹಾವುಮೀನಿನವರ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲವಂತೆ. ಆದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಮೂರು ಬಗೆಯ ಮೀನು ಬರತೊಡಗಿದಾಗ, ಯಾರು ಯಾರ ಮನೆಯಲ್ಲಿ ನೀರು ಕುಡಿಯಬಾರದು ಎಂದು ನೆನಪಿಟ್ಟುಕೊಳ್ಳುವುದೇ ಒಂದು ಸಂಕಟವಾಗಿ, ಬೇಸತ್ತು ಬಿಟ್ಟುಬಿಟ್ಟರು. ನಾನು ಹುಟ್ಟುವ ಹೊತ್ತಿಗೆ ಊರು ಸುಮ್ಮನಿತ್ತು. ಸುಮ್ಮನಿರುವ ಊರಿಗೆ ಏನಾದರೂ ಕೆಲಸ ಬೇಕಾಗಿತ್ತು.

ಆ ಕೆಲಸ ಹುಡುಕಿಕೊಟ್ಟವರು ನಮ್ಮ ಭಾವ, ತಿರುಮಲಪ್ಪನವರು. ನನ್ನ ಅಕ್ಕ ವನಜಾಕ್ಷಿಯ ಗಂಡ. ಜವಳಿ ಅಂಗಡಿ ಇಟ್ಟುಕೊಂಡು, ಹೊಂಡದ ಸಮಿತಿಗೆ ಅಧ್ಯಕ್ಷರಾಗಿ, ಊರಿನ ಎಲ್ಲ ಸಭೆಗಳಲ್ಲೂ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂರುತ್ತಿದ್ದವರು. ಕೆಟ್ಟವರಲ್ಲ. ಬಡವರ ಮನೆ ಮದುವೆಗೆ ಸೀರೆ ಕೊಟ್ಟು ಮರೆತುಬಿಡುತ್ತಿದ್ದರು. ಆದರೆ ಎರಡು ವಸ್ತು ಎದುರಿಗಿಟ್ಟರೆ ಯಾವುದು ಮೇಲು ಎಂದು ಕೇಳದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಇಡ್ಲಿ ಮೇಲೋ ದೋಸೆ ಮೇಲೋ ಎಂದು ನನ್ನ ಅಂಗಡಿಯಲ್ಲಿ ಅರ್ಧ ದಿನ ವಾದ ನಡೆಸಿ, ಕೊನೆಗೆ ಎರಡನ್ನೂ ತಿಂದು ಹೋದವರು. ಮಕ್ಕಳಿರಲಿಲ್ಲ. ಅಕ್ಕನೂ ಅವರೂ ಸಂಜೆ ಹೊಂಡಕ್ಕೆ ಬಂದು, ಅಕ್ಕನ ಗೆಂಡೆಗೆ ಮತ್ತು ಭಾವನ ಕೊರವ ಮೀನಿಗೆ ಮಂಡಕ್ಕಿ ಹಾಕುತ್ತ ಕೂತಿರುತ್ತಿದ್ದರು. ಮೀನುಗಳೂ ಅಕ್ಕಪಕ್ಕದಲ್ಲೇ ಇರುತ್ತಿದ್ದವು.

ಡಾಕ್ಟರ್ ನಿರುಪಮಾ ಎನ್ನುವವರು ನಮ್ಮೂರಿಗೆ ಬಂದದ್ದು ಮೀನಿನ ಮೇಲೆ ಸಂಶೋಧನೆ ಮಾಡಲು. ಒಂದೇ ರೋಗ ಬಂದರೂ ಕೆಲವು ಮೀನು ಬದುಕುತ್ತವೆ, ಕೆಲವು ಸಾಯುತ್ತವೆ, ಯಾಕೆ ಎನ್ನುವುದು ಅವರ ಪ್ರಶ್ನೆ. ಊರಿನ ಪ್ರತಿಯೊಂದು ಮೀನಿನಿಂದಲೂ ಒಂದಿಷ್ಟು ಲೋಳೆ ಒರೆಸಿಕೊಂಡು ಹೋಗಿ, ಮರುವರ್ಷ ಬಂದು ಶಾಲೆಯ ಸಭಾಂಗಣದಲ್ಲಿ ಒಂದು ಉಪನ್ಯಾಸ ಕೊಟ್ಟರು.

"ನಿಮ್ಮ ಮೀನಿನ ಮೈಯೆಲ್ಲ ಸಣ್ಣ ಸಣ್ಣ ಮನೆಗಳು ಅಂತ ತಿಳ್ಕೊಳ್ಳಿ" ಎಂದರು. "ಪ್ರತಿ ಮನೇಲೂ ಹಳೇ ಸಾಮಾನು ಸೇರುತ್ತೆ. ಅದನ್ನ ಚೂರು ಮಾಡೋಕೆ ಒಂದು ಉಪಕರಣ ಇದೆ. ಆ ಚೂರುಗಳಲ್ಲಿ ಕೆಲವನ್ನ ಮನೆ ಬಾಗಿಲಿಗೆ ನೇತುಹಾಕೋದು ಪದ್ಧತಿ. ಬೀದೀಲಿ ಕಾವಲಿನವರು ತಿರುಗ್ತಾ ಇರ್ತಾರೆ. ಗುರುತಿಲ್ಲದ ಚೂರು ಕಂಡರೆ, ಒಳಗೆ ಕಳ್ಳ ಸೇರಿದ್ದಾನೆ ಅಂತ ಅವರಿಗೆ ತಿಳಿಯುತ್ತೆ. ರೋಗ ಸಿಕ್ಕಿಬೀಳೋದು ಹೀಗೆ. ಈಗ ಕೇಳಿ, ಆ ಉಪಕರಣ ನಿಮ್ಮ ಮೀನುಗಳಲ್ಲಿ ಎರಡು ಬಗೆ. ಒಂದು ಮಚ್ಚಿನ ಹಾಗೆ ಕಡಿಯುತ್ತೆ, ಇನ್ನೊಂದು ಕತ್ತರಿ ಹಾಗೆ. ಚೂರಿನ ಆಕಾರ ಬೇರೆ ಬೇರೆ. ಒಂದರ ಕಣ್ಣು ತಪ್ಪಿಸಿದ ರೋಗ ಇನ್ನೊಂದಕ್ಕೆ ಸಿಗುತ್ತೆ. ಕೆಲವು ಮೀನಿಗೆ ಮಚ್ಚು, ಕೆಲವಕ್ಕೆ ಕತ್ತರಿ, ಕೆಲವಕ್ಕೆ ಎರಡೂ. ಐವತ್ತು ಕೋಟಿ ವರ್ಷದಿಂದ ಮೀನುಗಳು ಎರಡನ್ನೂ ಕಾಪಾಡಿಕೊಂಡು ಬಂದಿವೆ. ಗೆಂಡೆ ಗೆಂಡೆ ಆಗೋಕೆ ಮುಂಚೇನೇ ಇವೆರಡೂ ಇದ್ವು. ಈ ಒಂದು ವಿಷಯದಲ್ಲಿ ಮಚ್ಚಿನ ಗೆಂಡೆಗೆ, ಒಡಹುಟ್ಟಿದ ಕತ್ತರಿ ಗೆಂಡೆಗಿಂತ ಸಮುದ್ರದ ಶಾರ್ಕು ಹತ್ತಿರದ ನೆಂಟ."

ಅಲ್ಲಿಯವರೆಗೆ ತೂಕಡಿಸುತ್ತಿದ್ದ ಸಭೆ 'ನೆಂಟ' ಎಂಬ ಮಾತಿಗೆ ಎದ್ದು ಕೂತಿತು. ಭಾವ ಕುರ್ಚಿಯಿಂದ ಎದ್ದರು.

"ಎರಡರಲ್ಲಿ ಯಾವುದು ಮೇಲು?"

"ಮೇಲು ಕೀಳು ಅಂತ ಇಲ್ಲ ಸರ್. ಎರಡೂ ಬೇಕು."

"ಅದು ಸರಿ. ಆದ್ರೂ ಒಂದು ಮಾತಿಗೆ ಕೇಳ್ತೀನಿ. ಯಾವುದು ಮೇಲು?"

ಡಾಕ್ಟರು ನೀರು ಕುಡಿದರು. ಇದೇ ಪ್ರಶ್ನೆಯನ್ನು ಭಾವ ನಾಲ್ಕು ಬಗೆಯಲ್ಲಿ ಕೇಳಿದರು, ಅವರು ಅದೇ ಉತ್ತರವನ್ನು ನಾಲ್ಕು ಬಗೆಯಲ್ಲಿ ಕೊಟ್ಟರು. ಕೊನೆಗೆ ತಂತಮ್ಮ ಮೀನು ಯಾವ ಬಗೆಯದೆಂದು ಕೇಳಲು ಸಾಲು ನಿಂತವರಿಗೆಲ್ಲ ತಾಳ್ಮೆಯಿಂದ ಹೇಳಿ, ಮರುದಿನ ಬೆಳಿಗ್ಗೆ ಬಸ್ಸು ಹತ್ತಿದರು. ಭಾವನದು ಶುದ್ಧ ಕತ್ತರಿ. ಅಕ್ಕನದು ಶುದ್ಧ ಮಚ್ಚು. ನನ್ನದು ಎರಡೂ.

ಬಸ್ಸಿನ ಧೂಳು ಇಳಿಯುವುದಕ್ಕೆ ಮುಂಚೆ ಕತ್ತರಿ ಸಂಘ ಶುರುವಾಯಿತು. ಊರಲ್ಲಿ ಕತ್ತರಿಯವರೇ ಹೆಚ್ಚು. ಹೆಚ್ಚಿರುವವರೇ ಮೇಲು ಎಂದು ತೀರ್ಮಾನವಾಗಲು ಒಂದು ಸಭೆ ಸಾಕಾಯಿತು. ಭಾವನೇ ಅಧ್ಯಕ್ಷರು. ಹಳೆಯ ಗುಮಾಸ್ತ ಪದ್ಮನಾಭಯ್ಯ ಕಾರ್ಯದರ್ಶಿ. ಎದೆಯ ಮೇಲೆ ಸಣ್ಣ ಬೆಳ್ಳಿ ಕತ್ತರಿ ಚುಚ್ಚಿಕೊಂಡು ಓಡಾಡುವುದು ರೂಢಿಯಾಯಿತು. ದರ್ಜಿಗಳಿಗೂ ಕ್ಷೌರಿಕರಿಗೂ ಇದ್ದಕ್ಕಿದ್ದ ಹಾಗೆ ಮರ್ಯಾದೆ ಬಂತು. ಎಳನೀರಿನವರ ಮಚ್ಚು ನೋಡಿದರೆ ಹೆಂಗಸರು ರಸ್ತೆಯ ಆ ಬದಿಗೆ ದಾಟುತ್ತಿದ್ದರು. ಸಂಘದವರ ಮನೆಗಳಲ್ಲಿ ಮಚ್ಚು ಇಡುವಂತಿಲ್ಲ ಎಂದಾದ ಮೇಲೆ ತೆಂಗಿನಕಾಯಿ ಒಡೆಯುವುದು ದೊಡ್ಡ ಸಮಸ್ಯೆಯಾಯಿತು. ಪದ್ಮನಾಭಯ್ಯನವರ ಮನೆಯಲ್ಲಿ ಒಂದು ಕಾಯಿಯನ್ನು ಕತ್ತರಿಯಿಂದ ಬೆಳಿಗ್ಗೆಯಿಂದ ಕೆರೆದು ಮಧ್ಯಾಹ್ನದ ಚಟ್ನಿಗೆ ಸಿದ್ಧ ಮಾಡುತ್ತಿದ್ದರು. ಅವರ ತಾಯಿ ಲಕ್ಷ್ಮೀದೇವಮ್ಮ ಮಾತ್ರ ಕಾಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಅಕ್ಕನ ಹಿತ್ತಲಿಗೆ ಬಂದು, "ಒಂದೇಟು ಹಾಕಿಕೊಡೇ ತಾಯಿ" ಎಂದು ಒಡೆಸಿಕೊಂಡು ಹೋಗುತ್ತಿದ್ದರು.

ಅಕ್ಕ ಮಚ್ಚನ್ನು ಅಡಗಿಸಿಡಲಿಲ್ಲ. ಭಾವ ಒಮ್ಮೆ ಮೆತ್ತಗೆ ಹೇಳಿ ನೋಡಿದರು: "ವನಜಾ, ಎರಡೂ ಇದೆ ಅಂತ ಹೇಳಿಬಿಡು. ಡಾಕ್ಟರು ಊರಲ್ಲಿಲ್ಲ, ಯಾರು ಕೇಳ್ತಾರೆ."

"ನನ್ನ ಮೀನಿಗೆ ಇಲ್ಲದ್ದು ಇದೆ ಅಂತ ನಾನ್ಯಾಕೆ ಹೇಳ್ಲಿ? ಅದಕ್ಕೇನು ಕಡಿಮೆಯಾಗಿದೆ?" ಎಂದಳು ಅಕ್ಕ.

ಮುಂದಿನ ಸಭೆಯಲ್ಲಿ ಮಚ್ಚಿನ ಮೀನುಗಳನ್ನು ಊರಾಚೆಯ ಹಳೇ ಕಲ್ಲುಕ್ವಾರಿಗೆ ಸಾಗಿಸುವುದೆಂದು ಠರಾವಾಯಿತು. ಕ್ವಾರಿಯಲ್ಲಿ ನೀರು ನಿಂತು ಎಷ್ಟೋ ವರ್ಷವಾಗಿತ್ತು. ನೀರು ಹಸಿರಾಗಿದ್ದರೂ ಚೆನ್ನಾಗಿತ್ತು. ಮೀನು ಹೋದ ಕಡೆ ಮನುಷ್ಯರೂ ಹೋಗಲೇಬೇಕಲ್ಲ. ಠರಾವಿನಲ್ಲಿ ಆ ಮಾತು ಇರಲಿಲ್ಲ, ಅದನ್ನು ಬರೆಯುವ ಅಗತ್ಯವೂ ಇರಲಿಲ್ಲ. ಮಚ್ಚೂ ಕತ್ತರಿಯೂ ಇದ್ದ ನಮ್ಮಂಥ ಎರಡಲಗಿನವರನ್ನು ಏನು ಮಾಡುವುದೆಂದು ಮಾತ್ರ ಸಂಘಕ್ಕೆ ಹೊಳೆಯಲಿಲ್ಲ. ಬಹಳ ಚರ್ಚೆಯ ಮೇಲೆ, ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ ಹೊಂಡದಲ್ಲಿ, ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಕ್ವಾರಿಯಲ್ಲಿ ಎಂದು ಹಂಚಿದರು. ಹೀಗೆ ನಾನು ನನ್ನ ಹಾವುಮೀನನ್ನೂ ಕಾಫಿ ಕೆಟಲನ್ನೂ ಹೊತ್ತುಕೊಂಡು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ತಿರುಗುವವನಾದೆ.

ಸಾಗಣೆಯ ದಿನ ಭಾವ ಹೊಂಡದ ಮೇಲಿನ ಮೆಟ್ಟಿಲಲ್ಲಿ ನಿಂತು ಉಸ್ತುವಾರಿ ಮಾಡಿದರು. ಜನ ಒಬ್ಬೊಬ್ಬರಾಗಿ ತಮ್ಮ ಹೆಸರು ಹಿಡಿದು ಮೀನನ್ನು ಕರೆದು ಗಡಿಗೆಗೆ ಹಾಕಿಕೊಂಡು ಹೊರಟರು. ಯಾರೂ ಅಳಲಿಲ್ಲ, ಯಾರೂ ಬೈಯಲಿಲ್ಲ. ಎಲ್ಲರಿಗೂ ಇದು ಒಂದು ತಿಂಗಳಲ್ಲಿ ಮುಗಿಯುವ ಹುಚ್ಚು ಎಂಬ ನಂಬಿಕೆ. ಅಕ್ಕ ತನ್ನ ಗೆಂಡೆಯನ್ನು ಕರೆದಾಗ ಭಾವನ ಕೊರವವೂ ಜೊತೆಗೆ ಬಂತು. ಅವಳು ಅದನ್ನು ಕೈಯಿಂದ ಹಿಂದಕ್ಕೆ ತಳ್ಳಿ, ಗಡಿಗೆಯನ್ನು ಸೊಂಟಕ್ಕೆ ಏರಿಸಿ, ಗಂಡನ ಎದುರಿಗೆ ಬಂದು ನಿಂತಳು.

"ಒಲೆ ಮೇಲೆ ಸಾರು ಇದೆ, ಇಳಿಸ್ಕೊಳ್ಳಿ" ಎಂದಳು.

ಭಾವ ತಲೆಯಾಡಿಸಿದರು. ಅವರು ಮನೆಗೆ ಹೋಗುವ ಹೊತ್ತಿಗೆ ಸಾರು ಸೀದುಹೋಗಿತ್ತು.

ಕ್ವಾರಿಯ ಜನ ಜೋಪಡಿ ಹಾಕಿಕೊಂಡರು, ಆಮೇಲೆ ಮಣ್ಣಿನ ಗೋಡೆ ಕಟ್ಟಿದರು, ಆಮೇಲೆ ಅದೇ ಒಂದು ಊರಾಯಿತು. ಅಕ್ಕನ ಮನೆಯ ಪಕ್ಕದಲ್ಲಿ ನಾನೂ ಒಂದು ಅಂಗಡಿ ಹಾಕಿಕೊಂಡೆ. ಅಲ್ಲಿ ಒಂದು ಮಚ್ಚು ಸಂಘವೂ ಹುಟ್ಟಿಕೊಂಡು, ಬಟ್ಟೆಯನ್ನು ಕತ್ತರಿಸದೆ ಹರಿದೇ ಹೊಲಿಯಬೇಕೆಂದು ಠರಾವು ಮಾಡಿತು. ಅಕ್ಕ ಆ ಸಭೆಗೂ ಹೋಗಲಿಲ್ಲ. ಮೊದಲ ಚಳಿಗಾಲದಲ್ಲಿ ಕ್ವಾರಿಯ ಮೀನುಗಳಿಗೆ ಹುರುಪೆ ಉದುರುವ ರೋಗ ಬಂತು. ಮೀನುಗಳು ಬೆಳ್ಳಗಾಗಿ ತೇಲಿದವು, ಜನ ಮೈ ಉರಿ ಎಂದು ಮಲಗಿದರು. ಮಚ್ಚಿಗೆ ಸಿಗದ ರೋಗ ಅದು. ನಾವು ಕೆಲವು ಎರಡಲಗಿನವರನ್ನು ಬಿಟ್ಟರೆ ಅಲ್ಲಿ ಕತ್ತರಿ ಒಂದೂ ಇಲ್ಲದೆ, ರೋಗ ತಡೆಯಿಲ್ಲದೆ ಮೀನಿನಿಂದ ಮೀನಿಗೆ ಹಾರಿತು. ನಮ್ಮ ಎರಡಲಗಿನವರಿಗೆ ಏನೂ ಆಗಲಿಲ್ಲ, ಅದಕ್ಕೆ ಎರಡೂ ಕಡೆಯವರು ನಮ್ಮನ್ನು ಅನುಮಾನದಿಂದ ನೋಡಿದರು. ಇತ್ತ ಹೊಂಡದ ಮೆಟ್ಟಿಲಲ್ಲಿ ಸಂಘದವರು, "ನೋಡಿದಿರಾ, ಆ ವಂಶವೇ ಹಾಗೆ" ಎಂದು ಮಾತಾಡಿಕೊಂಡರು. ನಾನು ಕ್ವಾರಿಗೆ ಹೊರಟ ದಿನ ಭಾವ ನನ್ನ ಕೈಗೆ ಒಂದು ಡಬ್ಬಿ ತುರುಕಿದರು.

"ಗಂಧದೆಣ್ಣೆ. ಮೈ ಉರಿಗೆ ಒಳ್ಳೇದು. ನಾನು ಕೊಟ್ಟೆ ಅಂತ ಹೇಳ್ಬೇಡ."

"ಮತ್ತೆ ಯಾರು ಕೊಟ್ರು ಅನ್ಲಿ ಭಾವ?"

"ಸಂಘ ಅಂತ ಮಾತ್ರ ಅನ್ಬೇಡ" ಎಂದರು.

ಅಕ್ಕ ಎಣ್ಣೆ ಹಚ್ಚಿಕೊಂಡು ಗುಣವಾದಳು, ಕೆಲವರು ಆಗಲಿಲ್ಲ. ಅವರ ಮೀನುಗಳನ್ನು ಕ್ವಾರಿಯ ದಂಡೆಯಲ್ಲಿ ಅವರ ಪಕ್ಕದಲ್ಲೇ ಹೂಳಿದೆವು.

ಮಾರನೆಯ ವರ್ಷ ಹೊಂಡದ ಸರದಿ. ಮೀನುಗಳ ಕಿವಿರಿನಲ್ಲಿ ಹತ್ತಿಯ ಹಾಗೆ ಬೆಳ್ಳಗೆ ಏನೋ ಕಾಣಿಸಿಕೊಂಡಿತು, ಜನ ಕೆಮ್ಮತೊಡಗಿದರು. ಈ ರೋಗ ಕತ್ತರಿಯ ಕಣ್ಣು ತಪ್ಪಿಸುವಂಥದ್ದು. ಒಂದು ವಾರದಲ್ಲಿ ಊರಿಗೆ ಊರೇ ಕೆಮ್ಮಿತು. ಮೊದಲು ಎಲ್ಲರೂ ಹೆದರಿದರು. ಆಮೇಲೆ ಪದ್ಮನಾಭಯ್ಯ ಒಂದು ವಿವರಣೆ ಕಂಡುಹಿಡಿದರು: ಈ ರೋಗ ಶುದ್ಧ ಕತ್ತರಿಯವರಿಗೆ ಮಾತ್ರ ಬರುತ್ತದೆ, ಆದ್ದರಿಂದ ಕೆಮ್ಮು ಎಂದರೆ ಶುದ್ಧತೆಯ ಗುರುತು. ಅಲ್ಲಿಂದ ಮುಂದೆ ಕೆಮ್ಮಿಗೊಂದು ಗತ್ತು ಬಂತು. ಬೆಳ್ಳಿ ಕತ್ತರಿ ಯಾರು ಬೇಕಾದರೂ ಚುಚ್ಚಿಕೊಳ್ಳಬಹುದು, ಕೆಮ್ಮನ್ನು ಎಲ್ಲಿಂದ ತರುತ್ತಾರೆ? ಗಂಡಿನ ಕಡೆಯವರು ಹೆಣ್ಣು ನೋಡಲು ಬಂದರೆ ಹಾಡು ಬರುತ್ತದೆಯೇ ಎಂದು ಕೇಳುವುದು ಬಿಟ್ಟು, "ಒಂದು ಸಲ ಕೆಮ್ಮಮ್ಮ" ಎನ್ನುತ್ತಿದ್ದರು.

ಭಾವನಿಗೆ ಕೆಮ್ಮು ಬರಲಿಲ್ಲ.

ಮೊದಲೆರಡು ವಾರ ಅವರು ಕಾದರು. ಬೆಳಿಗ್ಗೆ ಎದ್ದು ಗಂಟಲು ಮುಟ್ಟಿ ನೋಡಿಕೊಳ್ಳುವುದು, ತಣ್ಣೀರಲ್ಲಿ ತಲೆಗೆ ಸ್ನಾನ ಮಾಡುವುದು, ಮಜ್ಜಿಗೆ ಕುಡಿಯುವುದು. ಮೈ ಇನ್ನಷ್ಟು ಹಗುರಾಯಿತು. ಹೊಂಡದಲ್ಲಿ ಉಳಿದ ಮೀನುಗಳು ಬಾಯಿ ತೆರೆದು ಒಂದೇ ಕಡೆ ನಿಂತಿದ್ದರೆ, ಅವರ ಕೊರವ ನಡುವೆ ಬಾಣದ ಹಾಗೆ ಓಡಾಡುತ್ತಿತ್ತು.

"ಅಧ್ಯಕ್ಷರ ಮೀನು ಬಹಳ ಚುರುಕಾಗಿದೆ" ಎಂದರು ಪದ್ಮನಾಭಯ್ಯ, ಕೆಮ್ಮುತ್ತ.

"ಜ್ವರದ ತಾಪ. ಒಂದು ಕಡೆ ನಿಲ್ಲೋಕಾಗ್ತಿಲ್ಲ ಪಾಪ" ಎಂದರು ಭಾವ.

ಅಂದಿನಿಂದ ಅವರು ಕೆಮ್ಮಲು ಕಲಿಯತೊಡಗಿದರು. ನನ್ನ ಸರದಿ ಹೊಂಡದ ಕಡೆ ಇದ್ದಾಗ, ಗಿರಾಕಿಗಳಿಲ್ಲದ ಮಧ್ಯಾಹ್ನ, ಅಂಗಡಿಯ ಹಿಂದೆ ನಿಂತು ಅಭ್ಯಾಸ ಮಾಡುತ್ತಿದ್ದರು. ನಸ್ಯ ಏರಿಸಿ ನೋಡಿದರು, ಸೀನು ಬಂತು. ಸಂಘದಲ್ಲಿ ಸೀನಿಗೆ ಬೆಲೆಯಿರಲಿಲ್ಲ. ಕಾಳುಮೆಣಸಿನ ಪುಡಿ ನುಂಗಿದಾಗ ಕೆಮ್ಮು ಬಂತು, ಜೊತೆಗೆ ಕಣ್ಣೀರೂ. ಸಭೆಯಲ್ಲಿ ಅಧ್ಯಕ್ಷರ ಕಣ್ಣೀರು ನೋಡಿ ಜನ ಕರಗಿದರು. ಲಕ್ಷ್ಮೀದೇವಮ್ಮನವರಿಗೆ ಜೋರಾಗಿದ್ದಾಗ ಭಾವ ನೋಡಲು ಹೋಗಿ, ಹಾಸಿಗೆಯ ಪಕ್ಕ ಕೂತು ಸುಳ್ಳು ಕೆಮ್ಮು ಕೆಮ್ಮಿದರಂತೆ. ಆ ಮುದುಕಿ ಅವರ ಕೈ ಹಿಡಿದು, "ನಿಂಗೂ ಬಂತಾ ಮಗಾ, ಜೋಪಾನ" ಎಂದರಂತೆ. ಎರಡು ದಿನಕ್ಕೆ ತೀರಿಕೊಂಡರು. ಶುದ್ಧ ಕತ್ತರಿಯಾಗಿಯೇ ತೀರಿಕೊಂಡರು ಎಂದು ಸಂಘ ಹಾರ ಹಾಕಿತು. ಭಾವ ಅಂದು ಊಟ ಮಾಡಲಿಲ್ಲ. ಡಾಕ್ಟರ್ ನಿರುಪಮಾ ಅವರಿಗೆ ಫೋನ್ ಮಾಡಿದ್ದು ಅವರೇ.

ಡಾಕ್ಟರು ಬಂದರು. ಮೀನುಗಳ ಲೋಳೆ ಮತ್ತೆ ಒರೆಸಿದರು. ಭಾವನ ಕೊರವವನ್ನು ಎರಡು ಸಲ, ಮೂರು ಸಲ ನೋಡಿದರು. ಈ ಸಲ ಲೋಳೆ ಪರೀಕ್ಷಿಸುವ ಯಂತ್ರವನ್ನೂ ಜೊತೆಗೇ ತಂದಿದ್ದರು. ಕೊನೆಗೆ ನನ್ನ ಅಂಗಡಿಯ ಬೆಂಚಿನ ಮೇಲೆ ಭಾವನನ್ನು ಕೂರಿಸಿಕೊಂಡರು. ಕಾಫಿ ಕೊಟ್ಟವನು ನಾನೇ ಆದ್ದರಿಂದ ಮಾತೆಲ್ಲ ಕೇಳಿಸಿತು.

"ಸರ್, ಮೊದಲ ಸಲ ನಾನು ವಂಶ ಮಾತ್ರ ನೋಡಿದ್ದೆ. ನಿಮ್ಮ ಮೀನಿನದು ಕತ್ತರಿ ವಂಶ, ಅದರಲ್ಲಿ ಅನುಮಾನ ಇಲ್ಲ. ಆದರೆ ಮಚ್ಚೋ ಕತ್ತರಿಯೋ ಅಂತ ತೀರ್ಮಾನ ಮಾಡೋದು ಅಲಗಿನ ಬುಡದಲ್ಲಿರೋ ಒಂದೇ ಒಂದು ಜಾಗ. ಆ ಜಾಗದಲ್ಲಿ ನಿಮ್ಮ ಮೀನಿನ ಕತ್ತರಿ ತನ್ನನ್ನ ತಾನೇ ತಿದ್ದಿಕೊಂಡಿದೆ. ಹುಟ್ಟಿದಾಗಿನಿಂದಲೇ ಹೆಸರು ಕತ್ತರೀದು, ಕೆಲಸ ಮಚ್ಚಿಂದು."

"ಅಂದ್ರೆ ನಮ್ಮ ವಂಶದಲ್ಲಿ ಯಾರೋ ಮಚ್ಚಿನವರು..."

"ಇಲ್ಲ ಸರ್, ಯಾರೂ ಹೊರಗಿಂದ ಬಂದಿಲ್ಲ. ಮೀನುಗಳಲ್ಲಿ ಇದು ಹಿಂದೆಯೂ ಆಗಿದೆ. ಮಚ್ಚಿನ ವಂಶ ಪೂರ್ತಿ ಅಳಿದುಹೋದ ಕಡೆ, ಕತ್ತರಿ ವಂಶದಿಂದಲೇ ಹೊಸ ಮಚ್ಚು ಹುಟ್ಟಿಬಂದಿದೆ. ಒಂದನ್ನ ಕಳಕೊಂಡು ಬದುಕೋಕೆ ಮೀನುಗಳಿಗೆ ಆಗಲ್ಲ ಅಂತ ಕಾಣುತ್ತೆ."

ಭಾವ ಲೋಟವನ್ನು ಬೆಂಚಿನ ಮೇಲಿಟ್ಟರು. ಆಮೇಲೆ ಕೇಳಿದರು: "ಈ ಜನ ಬದುಕೋಕೆ ಏನು ಮಾಡ್ಬೇಕು?"

"ಎರಡೂ ನೀರಿನ ಮೀನು ಬೆರೆಸಿ. ಒಂದು ಮೀನಿಂದ ಇನ್ನೊಂದಕ್ಕೆ ರೋಗ ಹಾರುವಾಗ ನಡುವೆ ಬೇರೆ ಬಗೆಯ ಮೀನು ಸಿಕ್ಕರೆ ಅದರ ದಾರಿ ಮುಚ್ಚುತ್ತೆ. ನಿಮ್ಮ ವಿಷಯ ನಾನು ಯಾರಿಗೂ ಹೇಳಲ್ಲ."

ಆ ವಾರ ಸಂಘದ ತುರ್ತು ಸಭೆ ಸೇರಿತು. ಡಾಕ್ಟರ ಸಲಹೆಯನ್ನು ಪದ್ಮನಾಭಯ್ಯ ಓದಿದರು. ತಾಯಿ ಸತ್ತು ಸೊರಗಿದ್ದರೂ ದನಿ ಮಾತ್ರ ಕಾರ್ಯದರ್ಶಿಯದೇ. ನೀರು ಬೆರೆಸುವುದು ಸಾಧ್ಯವೇ ಇಲ್ಲ ಎಂದು ಒಬ್ಬರು, ಒಂದು ಉಪಸಮಿತಿ ಮಾಡೋಣ ಎಂದು ಇನ್ನೊಬ್ಬರು. ಬೆರೆಸಿದರೆ ಹೊಸ ನೀರಿಗೆ ಕತ್ತರಿ ಹೊಂಡ ಎಂದೇ ಹೆಸರಿಡಬೇಕೆಂದು ಮತ್ತೊಬ್ಬರು. ಪ್ರತಿ ಮಾತಿನ ನಡುವೆ ಸಭೆಗೆ ಸಭೆಯೇ ಕೆಮ್ಮುತ್ತಿತ್ತು. ಅಧ್ಯಕ್ಷರು ಮಾತಾಡಬೇಕೆಂದು ಯಾರೋ ಕೇಳಿದರು. ಭಾವ ಎದ್ದರು. ಎಂದಿನಂತೆ ಮೊದಲು ಕೆಮ್ಮುತ್ತಾರೆ ಎಂದು ಜನ ಕಾದರು.

"ನನಗೆ ಕೆಮ್ಮಿಲ್ಲ" ಎಂದರು ಭಾವ.

ಯಾರಿಗೂ ಅರ್ಥವಾಗಲಿಲ್ಲ.

"ಇಷ್ಟು ದಿನ ಕೆಮ್ಮಿದ್ದು ಕಾಳುಮೆಣಸಿನ ಕೆಮ್ಮು. ನನ್ನ ಮೀನು ಗಟ್ಟಿಮುಟ್ಟಾಗಿದೆ. ಅದರ ಕತ್ತರಿ ಮಚ್ಚಾಗಿದೆ. ಹುಟ್ಟಿದಾಗಿನಿಂದ ಹಾಗೇ ಇತ್ತು ಅಂತ ಡಾಕ್ಟರು ಹೇಳ್ತಾರೆ. ಠರಾವು ಬರೆದೋನು ನಾನು. ಅದರ ಪ್ರಕಾರ ನಾನು ಕ್ವಾರಿಗೆ ಹೋಗ್ಬೇಕು. ಹೋಗ್ತೀನಿ."

ಪದ್ಮನಾಭಯ್ಯ ಎದ್ದು ನಿಂತರು. "ಸ್ವಲ್ಪ ತಾಳಿ ಅಧ್ಯಕ್ಷರೇ. ಹೆಸರು ಕತ್ತರೀದೇ ಅಲ್ವಾ? ನಿಮ್ಮನ್ನ ತಿದ್ದುಪಡಿಯಾದ ಕತ್ತರಿ ಅಂತ ಪರಿಗಣಿಸಬಹುದು. ನಿಯಮದಲ್ಲಿ ಒಂದು ಸಾಲು ಸೇರಿಸಿದರಾಯ್ತು."

"ಪದ್ಮನಾಭಯ್ಯ, ನಿಮ್ಮ ತಾಯಿಯ ಹಾಸಿಗೆ ಪಕ್ಕ ಕೂತು ನಾನು ನಾಟಕದ ಕೆಮ್ಮು ಕೆಮ್ಮಿದ್ದೀನಿ. ಅವರು ನನಗೆ ಜೋಪಾನ ಅಂದ್ರು. ಆ ಸಾಲನ್ನ ಎಲ್ಲಿ ಸೇರಿಸ್ತೀರಿ?"

ಪದ್ಮನಾಭಯ್ಯ ಕೂತುಕೊಂಡರು. ಭಾವ ಸಭೆಯಿಂದ ನೇರವಾಗಿ ಹೊಂಡಕ್ಕೆ ಬಂದು, ಮೀನು ಕರೆದು, ಗಡಿಗೆಗೆ ಹಾಕಿಕೊಂಡು, ಹಾಡುಹಗಲಲ್ಲಿ ಪೇಟೆ ಬೀದಿಯ ನಡುವೆ ನಡೆದರು. ಜೀವನದಲ್ಲಿ ನೀರು ಹೊತ್ತವರಲ್ಲ. ಅರ್ಧ ನೀರು ಅಂಗಿಯ ಮೇಲೇ ಚೆಲ್ಲಿತು. ಅಂದು ಅಮಾವಾಸ್ಯೆ. ನಾನೂ ನನ್ನ ಹಾವುಮೀನು ಹೊತ್ತು ಹಿಂದೆಯೇ ಹೊರಟಿದ್ದೆ.

ಅಕ್ಕ ಕ್ವಾರಿಯ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಗಂಡನನ್ನು ನೋಡಿ ಕೈ ಒರೆಸಿಕೊಂಡು ಎದ್ದಳು. ಭಾವ ನಡೆದದ್ದನ್ನೆಲ್ಲ ಹೇಳಿದರು. ಅಧ್ಯಕ್ಷರ ಭಾಷಣದ ಹಾಗೆ ಶುರುವಾಗಿ ಕೊನೆಕೊನೆಗೆ ತೊದಲಿತು. ಅವಳು ಗಡಿಗೆಯನ್ನು ಅವರ ಕೈಯಿಂದ ತೆಗೆದುಕೊಂಡು, ನೀರು ಕಡಿಮೆಯಾಗಿದ್ದಕ್ಕೆ ನಾಲಗೆ ಲೊಚಗುಟ್ಟಿ, ಮೀನನ್ನು ಕ್ವಾರಿಗೆ ಬಿಟ್ಟಳು. ಕೊರವ ಒಂದು ಸುತ್ತು ಹಾಕಿ ಆಳಕ್ಕೆ ಹೋಯಿತು.

"ಮೀನಿಗೆ ಜಾಗ ಇದೆ" ಎಂದಳು.

"ನನಗೆ?"

ಅಕ್ಕ ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕಿ ನನ್ನ ಕಡೆ ತಿರುಗಿದಳು. "ಅದಕ್ಕೊಂದು ಸಮಿತಿ ಮಾಡ್ಬೇಕಾಗುತ್ತೆ. ವರದ, ಅಲ್ಲೀವರೆಗೆ ಇವರನ್ನ ನಿನ್ನ ಅಂಗಡೀಲಿ ಮಲಗಿಸ್ಕೋ."

ಮಾರನೆಯ ದಿನ ಬೆಳಿಗ್ಗೆ ಊರಿನ ಕಡೆಯಿಂದ ಪದ್ಮನಾಭಯ್ಯ ಒಂದು ಗಡಿಗೆ ಹೊತ್ತು ಬಂದರು. ಮೀನಿಗೆ ಗಾಳಿ ಬದಲಾವಣೆ ಬೇಕೆಂದು ವೈದ್ಯರು ಹೇಳಿದ್ದಾರೆ, ಬೇರೆ ಏನೂ ಅಲ್ಲ ಎಂದರು. ಅವರ ಹಿಂದೆ ದರ್ಜಿಗಳು ಬಂದರು, ಅವರಿಗೂ ಗಾಳಿ ಬದಲಾವಣೆ. ಎದುರುಗಡೆಯಿಂದ ಕ್ವಾರಿಯ ಕೆಲವರು ಹೊಂಡದ ಮೆಟ್ಟಿಲು ನೋಡಿ ಬಹಳ ದಿನವಾಯಿತೆಂದು ತಮ್ಮ ಗಡಿಗೆ ಹೊತ್ತು ಹೊರಟರು. ದಾರಿಯಲ್ಲಿ ಎದುರುಬದುರಾದವರು ಮಳೆಯ ಮಾತಾಡಿದರು. ಕೆಮ್ಮು ನಿಧಾನವಾಗಿ ಇಳಿಯಿತು. ಎಲ್ಲರದೂ ಇಳಿಯಲಿಲ್ಲ, ಇನ್ನೂ ಇಬ್ಬರನ್ನು ಕಳೆದುಕೊಂಡೆವು. ಠರಾವನ್ನು ಈವರೆಗೆ ಯಾರೂ ರದ್ದು ಮಾಡಿಲ್ಲ. ಗಾಳಿ ಬದಲಾವಣೆಗೆ ಹೋದವರು ವಾಪಸು ಬರಬೇಕೆಂದು ಅದರ ಯಾವ ಸಾಲಿನಲ್ಲೂ ಇಲ್ಲವಾದ್ದರಿಂದ ರದ್ದು ಮಾಡುವ ಅಗತ್ಯ ಬಿದ್ದಿಲ್ಲ.

ಅಕ್ಕನ ಸಮಿತಿಯಲ್ಲಿ ಅಕ್ಕ ಒಬ್ಬಳೇ ಇದ್ದಳು. ಆದರೂ ತೀರ್ಮಾನಕ್ಕೆ ಬಹಳ ಕಾಲ ಹಿಡಿಯಿತು. ಭಾವ ದಿನವೂ ಅವಳ ಅಂಗಳ ಗುಡಿಸಿ, ನೀರು ತಂದಿಟ್ಟು, ಏನೂ ಕೇಳದೆ ವಾಪಸು ಬಂದು ನನ್ನ ಬೆಂಚಿನ ಮೇಲೆ ಚಾಪೆ ಹಾಸಿಕೊಳ್ಳುತ್ತಿದ್ದರು. ಒಮ್ಮೆ ನಾನು ಕೀಟಲೆಗೆ, ಕಾಫಿ ಮೇಲೋ ಟೀ ಮೇಲೋ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, "ಯಾವುದು ಬಿಸಿ ಇದೆಯೋ ಅದು ಕೊಡು" ಎಂದರು. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ ಬೆಂಚಿನ ಮೇಲೆ ಚಾಪೆ ಇರಲಿಲ್ಲ. ಆಚೆ ಅಕ್ಕನ ಮನೆಯಲ್ಲಿ ಯಾರೋ ತೆಂಗಿನಕಾಯಿಗೆ ಮಚ್ಚಿನೇಟು ಹಾಕುವ ಸದ್ದು ಕೇಳಿಸಿತು. ಏಟು ಗುರಿ ತಪ್ಪುತ್ತಿತ್ತು. ಅಕ್ಕ ಹೀಗಲ್ಲ, ಹೀಗೆ ಎಂದು ಹೇಳಿಕೊಡುತ್ತಿದ್ದಳು.